ಊರಿಗೆ ದಡಾರ ಬಂದರೆ: ಕಾಸರಗೋಡಿನ ಮನೆಗಳಿಗೊಂದು ಮಾರ್ಗದರ್ಶಿ

“ಅಂಗನವಾಡಿಯಲ್ಲಿ ಒಂದು ಮಗುವಿಗೆ ದಡಾರವಂತೆ, ನಮ್ಮವಳನ್ನು ಕಳಿಸಬಹುದಾ?” “ಒಂದು ಡೋಸ್ ಆಗಿದೆ, ಸಾಕಲ್ವಾ?” “ಮೈಯೆಲ್ಲ ಕೆಂಪಾಗಿದೆ, ಇದು ದಡಾರವೋ ಡೆಂಗಿಯೋ?” ಉಪ್ಪಳ, ಬದಿಯಡ್ಕ, ಮುಳ್ಳೇರಿಯ ಕಡೆಯ ಓದುಗರು ಕೇಳುವುದು ಹೆಚ್ಚುಕಡಿಮೆ ಇದನ್ನೇ. ಒಬ್ಬೊಬ್ಬರಿಗೆ ಒಂದೊಂದು ತುಂಡು ಉತ್ತರ ಕೊಡುವ ಬದಲು, ಮಾಡಬೇಕಾದ ಕೆಲಸಗಳನ್ನು ಮಾಡಬೇಕಾದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಹೆಸರಿನ ಗೊಂದಲ ಬೇಡ. ನಾವು ದಡಾರ ಎನ್ನುವುದನ್ನೇ ಡಾಕ್ಟರು ಮೀಸಲ್ಸ್ ಎನ್ನುತ್ತಾರೆ. ಘಟ್ಟದ ಮೇಲೆ ಕೆಲವು ಕಡೆ ಗೊಬ್ಬರ ಎನ್ನುತ್ತಾರೆ. ನಮ್ಮ ಆಸ್ಪತ್ರೆಯ ಮಲಯಾಳ ನೋಟೀಸಿನಲ್ಲಿ ‘ಅಂಜಾಂಪನಿ’ ಎಂದಿದ್ದರೆ ಅದೂ ಇದೇ. ನೀರುಗುಳ್ಳೆ ಏಳುವ ಚಿಕನ್‌ಪಾಕ್ಸ್ ಬೇರೆ ಕಾಯಿಲೆ, ಅದರ ಲಸಿಕೆಯೂ ಬೇರೆ.

ಮುಂದಿನ ಹಂತಗಳಿಗೆಲ್ಲ ನಾಲ್ಕು ಲೆಕ್ಕ ಗೊತ್ತಿರಬೇಕು. ದಡಾರದ ವೈರಸ್ ಗಾಳಿಯಲ್ಲಿ ಹರಡುತ್ತದೆ. ರೋಗಿ ಕೋಣೆಯಿಂದ ಎದ್ದು ಹೋದ ಮೇಲೂ 2 ಗಂಟೆಯವರೆಗೆ ಅಲ್ಲಿನ ಗಾಳಿಯಲ್ಲಿ ಉಳಿಯಬಲ್ಲದು. ರಕ್ಷಣೆ ಇಲ್ಲದ 10 ಜನ ರೋಗಿಯ ಹತ್ತಿರ ಇದ್ದರೆ 9 ಜನರಿಗೆ ಅಂಟಬಹುದು. ಅಂಟಿದ ಮೇಲೆ ಗುಳ್ಳೆ ಕಾಣಲು ಸಾಮಾನ್ಯವಾಗಿ 10ರಿಂದ 14 ದಿನ ಬೇಕು, ಕೆಲವರಲ್ಲಿ 21 ದಿನವೂ ಆಗುತ್ತದೆ. ಕೊನೆಯದು ತುಂಬಾ ಮುಖ್ಯ: ಗುಳ್ಳೆ ಕಾಣುವ 4 ದಿನ ಮೊದಲಿಂದಲೇ ಮಗು ಬೇರೆಯವರಿಗೆ ಅಂಟಿಸುತ್ತಿರುತ್ತದೆ, ಕಂಡ ಮೇಲೂ 4 ದಿನ ಅಂಟಿಸುತ್ತದೆ. ಅಂದರೆ “ಯಾರಿಗಾದರೂ ಬಂದರೆ ದೂರ ಇಟ್ಟರಾಯಿತು” ಎಂಬ ಲೆಕ್ಕಾಚಾರ ಈ ರೋಗದಲ್ಲಿ ನಡೆಯುವುದಿಲ್ಲ. ಗೊತ್ತಾಗುವಾಗಲೇ ತಡವಾಗಿರುತ್ತದೆ. ಹಾಗಾಗಿ ಮೊದಲ ಕೆಲಸ ಮಗುವಿನ ಮೈ ನೋಡುವುದಲ್ಲ, ಮಗುವಿನ ಲಸಿಕೆ ಕಾರ್ಡ್ ನೋಡುವುದು.

ಹಂತ 1: ಇವತ್ತೇ ಕಾರ್ಡ್ ತೆಗೆದು ನೋಡಿ

ಕಾರ್ಡಿನಲ್ಲಿ ‘ಎಂಆರ್’ ಎಂಬ ಎರಡು ಅಕ್ಷರ ಹುಡುಕಿ. ಮೀಸಲ್ಸ್, ರುಬೆಲ್ಲಾ ಎರಡಕ್ಕೂ ಸೇರಿ ಕೊಡುವ ಒಂದೇ ಲಸಿಕೆ ಇದು. ಮೊದಲ ಡೋಸ್ 9 ತಿಂಗಳು ತುಂಬಿದ ಮೇಲೆ, ವರ್ಷ ತುಂಬುವುದರೊಳಗೆ. ಎರಡನೆಯದು 16ರಿಂದ 24 ತಿಂಗಳ ನಡುವೆ. ಎರಡೂ ಬಲ ತೋಳಿನ ಮೇಲ್ಭಾಗಕ್ಕೆ. ಎರಡರ ಎದುರೂ ತಾರೀಖು ಇರಬೇಕು. ಬರೀ ಟಿಕ್ ಗುರುತು ಇದ್ದರೆ, ಅಥವಾ ಪೆನ್ಸಿಲಿನಲ್ಲಿ ‘ಮುಂದೆ ಬರಬೇಕಾದ ದಿನ’ ಅಂತ ಬರೆದದ್ದಿದ್ದರೆ, ಲಸಿಕೆ ಆಗಿದೆ ಎಂದು ತಿಳಿಯಬೇಡಿ. ಇಲ್ಲಿ ಬಹಳ ಜನ ಎಡವುತ್ತಾರೆ.

ಗಡಿ ಊರಿನವರಿಗೆ ಇನ್ನೊಂದು ತೊಡಕಿದೆ. ಹೆರಿಗೆ ಮಂಗಳೂರಿನಲ್ಲಿ, ಮೊದಲ ಲಸಿಕೆಗಳು ಅಲ್ಲಿನ ಖಾಸಗಿ ಆಸ್ಪತ್ರೆಯಲ್ಲಿ, ಆಮೇಲಿನವು ಊರಿನ ಪಿಎಚ್‌ಸಿಯಲ್ಲಿ. ಕೆಲವರದ್ದು ಅರ್ಧ ಗಲ್ಫಿನಲ್ಲೂ ಆಗಿರುತ್ತದೆ. ಹೀಗಾಗಿ ಒಂದೇ ಮಗುವಿಗೆ ಮೂರು ದಾಖಲೆ, ಯಾವುದೂ ಪೂರ್ತಿ ಇಲ್ಲ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿ. ಖಾಸಗಿಯವರ ಫೈಲಿನಲ್ಲಿ ‘ಎಂಎಂಆರ್’ ಎಂದು ಇದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ಅದರಲ್ಲಿ ಮಂಪ್ಸ್, ಅಂದರೆ ಕೆಪ್ಪಟರಾಯನ ಲಸಿಕೆಯೂ ಸೇರಿದೆ, ಅಷ್ಟೇ ವ್ಯತ್ಯಾಸ. ಎಲ್ಲ ದಾಖಲೆಯ ಫೋಟೋ ಫೋನಿನಲ್ಲಿರಲಿ.

ಕಾರ್ಡ್ ಕಳೆದುಹೋಗಿದ್ದರೆ ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯನ್ನೋ ಉಪಕೇಂದ್ರದ ಜೆಪಿಎಚ್‌ಎನ್ ಸಿಸ್ಟರನ್ನೋ ಕೇಳಿ. (ಮನೆಮನೆಗೆ ಬರುವ, ಲಸಿಕೆ ಹಾಕುವ ಜೂನಿಯರ್ ಪಬ್ಲಿಕ್ ಹೆಲ್ತ್ ನರ್ಸ್ ಇವರು.) ಅವರ ರಿಜಿಸ್ಟರಿನಲ್ಲಿ ಮಗುವಿನ ಹೆಸರು ಇರುತ್ತದೆ. ಅಲ್ಲೂ ಸಿಗಲಿಲ್ಲವಾದರೆ ಲಸಿಕೆ ಆಗಿಲ್ಲ ಎಂದೇ ಲೆಕ್ಕ ಹಾಕಿ. ಒಂದು ಡೋಸ್ ಜಾಸ್ತಿ ಆದರೆ ಮಗುವಿಗೆ ತೊಂದರೆಯಿಲ್ಲ. ಕಡಿಮೆ ಆದರೆ ಇದೆ.

ಈಗ ದೊಡ್ಡವರ ವಿಷಯ. ನಮ್ಮ ದೇಶದ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮಕ್ಕೆ ದಡಾರದ ಲಸಿಕೆ ಬಂದದ್ದು 1985ರಲ್ಲಿ. ಅದಕ್ಕಿಂತ ಹಿಂದೆ ಹುಟ್ಟಿದವರಲ್ಲಿ ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ ದಡಾರ ಬಂದು ಹೋಗಿರುತ್ತದೆ. ಎರಡನೆಯ ಡೋಸ್ ಶುರುವಾದದ್ದು 2010ರಲ್ಲಿ. 2017ರಲ್ಲಿ ಕೇರಳದ ಶಾಲೆಗಳಲ್ಲಿ ಎಂಆರ್ ಅಭಿಯಾನ ನಡೆದಾಗ 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆಲ್ಲ ಒಂದು ಡೋಸ್ ಹಾಕಿದರು. ಇವೆಲ್ಲ ಕೂಡಿಸಿ ನೋಡಿದರೆ 1985ರಿಂದ 2002ರ ನಡುವೆ ಹುಟ್ಟಿದವರು, ಅಂದರೆ ಈಗಿನ ಚಿಕ್ಕ ಮಕ್ಕಳ ತಂದೆತಾಯಿಯರು, ಬಹುಶಃ ಒಂದೇ ಡೋಸಿನವರು. ಕೆಲವರಿಗೆ ಅದೂ ಇಲ್ಲ. ಮಗುವಿನ ಆರೈಕೆ ಮಾಡುವವರು, ಆಸ್ಪತ್ರೆ, ಅಂಗನವಾಡಿ, ಶಾಲೆಗಳಲ್ಲಿ ಕೆಲಸ ಮಾಡುವವರು ಡಾಕ್ಟರ ಹತ್ತಿರ ಮಾತಾಡಿ ಎಂಎಂಆರ್ ಹಾಕಿಸಿಕೊಳ್ಳುವುದು ಒಳ್ಳೆಯದು. ದೊಡ್ಡವರಿಗೆ ಇದು ಸಾಮಾನ್ಯವಾಗಿ ಖಾಸಗಿಯಲ್ಲೇ ಸಿಗುವುದು.

ಹಂತ 2: ಬಾಕಿ ಡೋಸ್ ಹಾಕಿಸಿ

ಮಕ್ಕಳಿಗೆ ಎಂಆರ್ ಲಸಿಕೆ ಸರ್ಕಾರಿ ಕೇಂದ್ರಗಳಲ್ಲಿ ಪೂರ್ತಿ ಉಚಿತ. ಮಗುವಿಗೆ 5 ವರ್ಷ ತುಂಬುವವರೆಗೆ ತಪ್ಪಿದ ಡೋಸ್ ಕೊಡುತ್ತಾರೆ. ಎರಡೂ ತಪ್ಪಿದ್ದರೆ ಒಂದು ಈಗ, ಇನ್ನೊಂದು ಕನಿಷ್ಠ 4 ವಾರ ಬಿಟ್ಟು. “ತಡವಾಗಿದೆ, ಸಿಸ್ಟರ್ ಬೈಯುತ್ತಾರೆ” ಎಂದು ಹಿಂಜರಿಯುವವರಿದ್ದಾರೆ. ಬೈದರೂ ಲಸಿಕೆ ಸಿಗುತ್ತದೆ, ಹೋಗಿ. ನಮ್ಮ ಹೆಚ್ಚಿನ ಕೇಂದ್ರಗಳಲ್ಲಿ ಬುಧವಾರ ಲಸಿಕೆಯ ದಿನ. ರೋಗ ಹರಡುತ್ತಿರುವಾಗ ಅಂಗನವಾಡಿ, ಶಾಲೆಗಳಲ್ಲೂ ಶಿಬಿರ ಹಾಕುತ್ತಾರೆ. ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿ ದಿನ ತಿಳಿದುಕೊಂಡು ಹೊರಡಿ.

ಒಂದೇ ಡೋಸ್ ಸಾಕಾ ಎಂಬ ಪ್ರಶ್ನೆಗೆ ನೇರ ಉತ್ತರ: ಸಾಲದು. ಒಂದು ಡೋಸ್ ಪಡೆದ ಕೆಲವು ಮಕ್ಕಳಲ್ಲಿ ರಕ್ಷಣೆ ಹುಟ್ಟುವುದೇ ಇಲ್ಲ. ಎರಡನೆಯದು ಆ ಮಕ್ಕಳಿಗಾಗಿ ಇರುವುದು. ಎರಡೂ ಆದಾಗ 100ಕ್ಕೆ 97ರಷ್ಟು ಜನರಿಗೆ ರಕ್ಷಣೆ ಸಿಗುತ್ತದೆ. ಊರಿನಲ್ಲಿ 95 ಶೇಕಡಾಕ್ಕಿಂತ ಜಾಸ್ತಿ ಮಕ್ಕಳಿಗೆ ಎರಡೂ ಆಗಿದ್ದರೆ ಮಾತ್ರ ವೈರಸ್ಸಿಗೆ ಮುಂದೆ ಹೋಗಲು ದಾರಿ ಸಿಗುವುದಿಲ್ಲ. ಜಿಲ್ಲೆಯ ಸರಾಸರಿ ಚೆನ್ನಾಗಿದ್ದರೂ ಒಂದು ಕಾಲೊನಿಯಲ್ಲೋ ಒಂದು ವಾರ್ಡಿನಲ್ಲೋ ಹತ್ತಿಪ್ಪತ್ತು ಮಕ್ಕಳು ಬಾಕಿ ಇದ್ದರೆ ರೋಗ ಅಲ್ಲಿಗೇ ಬಂದು ಕೂರುತ್ತದೆ. 2022ರ ಕೊನೆಯಲ್ಲಿ ಮಲಪ್ಪುರಂನಲ್ಲಿ, ಮುಂಬೈಯ ಗೋವಂಡಿಯಲ್ಲಿ ದಡಾರ ಹರಡಿದ್ದು ನೆನಪಿರಬಹುದು.

ಆ ವರ್ಷವೇ ಕೇಂದ್ರ ಸರ್ಕಾರ ಒಂದು ಸೂಚನೆ ಕೊಟ್ಟಿತು. ರೋಗ ಜಾಸ್ತಿ ಇರುವ ಜಾಗಗಳಲ್ಲಿ 9 ತಿಂಗಳಿನಿಂದ 5 ವರ್ಷದ ಮಕ್ಕಳಿಗೆ, ಎರಡೂ ಡೋಸ್ ಆಗಿದ್ದರೂ, ಇನ್ನೊಂದು ಹೆಚ್ಚುವರಿ ಡೋಸ್ ಕೊಡಬಹುದು. 9 ತಿಂಗಳೊಳಗಿನ ಶಿಶುಗಳಲ್ಲೂ ರೋಗ ಕಾಣುತ್ತಿದ್ದರೆ 6 ತಿಂಗಳು ತುಂಬಿದವರಿಗೂ ಒಂದು ಡೋಸ್ ಕೊಡಬಹುದು. ಇದನ್ನು ‘ಝೀರೋ ಡೋಸ್’ ಎನ್ನುತ್ತಾರೆ. ಲೆಕ್ಕಕ್ಕೆ ಹಿಡಿಯದ ಡೋಸ್ ಎಂದರ್ಥ. ಅದು ಆದ ಮೇಲೂ 9 ತಿಂಗಳಿನದ್ದು, 16 ತಿಂಗಳಿನದ್ದು ಎರಡೂ ಆಗಲೇಬೇಕು. “ಆಗಲೇ ಒಂದು ಆಗಿದೆಯಲ್ಲ” ಎಂದು 9 ತಿಂಗಳಿನದ್ದನ್ನು ಬಿಟ್ಟುಬಿಡಬೇಡಿ. ಇಂಥ ಡೋಸ್ ಎಲ್ಲಿ, ಯಾರಿಗೆ ಎಂಬುದನ್ನು ತೀರ್ಮಾನಿಸುವುದು ಆರೋಗ್ಯ ಇಲಾಖೆ, ನಾವಲ್ಲ.

ಲಸಿಕೆ ಬೇಡವಾದವರು ಯಾರು? ಗರ್ಭಿಣಿಯರಿಗೆ ಕೊಡುವುದಿಲ್ಲ. ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿರುವವರು, ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರು, ಹಿಂದಿನ ಡೋಸಿಗೆ ಗಂಭೀರ ಅಲರ್ಜಿ ಆದವರು ಡಾಕ್ಟರನ್ನು ಕೇಳದೆ ಹಾಕಿಸಿಕೊಳ್ಳಬಾರದು. ಸಣ್ಣ ಶೀತ, ಕೆಮ್ಮು, ಸ್ವಲ್ಪ ಭೇದಿ ಲಸಿಕೆ ಮುಂದೂಡಲು ಕಾರಣಗಳಲ್ಲ. ಮಳೆಗಾಲದ ನಮ್ಮೂರಿನಲ್ಲಿ ಮೂಗು ಸೋರದ ಮಗು ಎಲ್ಲಿ ಸಿಗುತ್ತದೆ!

ಲಸಿಕೆ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. 5ರಿಂದ 12 ದಿನದೊಳಗೆ ಕೆಲವು ಮಕ್ಕಳಿಗೆ ಸಣ್ಣ ಜ್ವರ, ತಿಳಿಯಾದ ಗುಳ್ಳೆ ಬರುತ್ತದೆ. ತಾನಾಗಿಯೇ ಹೋಗುತ್ತದೆ. ಇನ್ನು ವದಂತಿಗಳು. ಈ ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಮಾತು ಹುಟ್ಟಿದ್ದು 1998ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ಬರಹದಿಂದ. ಅದು ಸರಿಯಲ್ಲ ಎಂದು 2010ರಲ್ಲಿ ಆ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು. ಮುಂದೆ ಮಕ್ಕಳಾಗುವುದಿಲ್ಲ ಎಂಬ 2017ರ ವಾಟ್ಸಾಪ್ ಸುದ್ದಿಗೂ ಬುಡವಿಲ್ಲ.

ಹಂತ 3: ಗುರುತು ಹಿಡಿಯಿರಿ

ದಡಾರ ಶುರುವಾಗುವುದು ಗುಳ್ಳೆಯಿಂದ ಅಲ್ಲ, ಜೋರು ಜ್ವರದಿಂದ. ಜೊತೆಗೆ ಒಣ ಕೆಮ್ಮು, ಸೋರುವ ಮೂಗು, ಕೆಂಪಾಗಿ ನೀರು ಸುರಿಸುವ ಕಣ್ಣು. ಮಗು ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತದೆ, ಕಿರಿಕಿರಿ ಮಾಡುತ್ತದೆ. ಈ ಹೊತ್ತಿನಲ್ಲಿ ಕೆನ್ನೆಯ ಒಳಭಾಗಕ್ಕೆ ಟಾರ್ಚ್ ಹಾಕಿ ನೋಡಿದರೆ ಕೆಲವೊಮ್ಮೆ ದವಡೆ ಹಲ್ಲಿನ ಎದುರಿಗೆ ಬಿಳಿಯ ಸಣ್ಣ ಚುಕ್ಕಿಗಳು ಕಾಣುತ್ತವೆ. ಡಾಕ್ಟರು ಇದನ್ನು ಕೊಪ್ಲಿಕ್ ಚುಕ್ಕಿ ಎನ್ನುತ್ತಾರೆ.

ಜ್ವರ ಬಂದು ಮೂರು ನಾಲ್ಕು ದಿನಕ್ಕೆ ಗುಳ್ಳೆ. ಮೊದಲು ಕಿವಿಯ ಹಿಂದೆ, ಹಣೆಯಲ್ಲಿ ಕೂದಲಿನ ಅಂಚಿಗೆ. ಅಲ್ಲಿಂದ ಮುಖ, ಕುತ್ತಿಗೆ, ಎದೆ, ಬೆನ್ನು, ಕೊನೆಗೆ ಕೈಕಾಲು. ನೀರು ತುಂಬಿದ ಗುಳ್ಳೆಗಳಲ್ಲ, ಚಪ್ಪಟೆಯಾದ, ಒಂದಕ್ಕೊಂದು ಕೂಡಿಕೊಳ್ಳುವ ಕೆಂಪು ಕಲೆಗಳು. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಕಿವಿ ಮಡಚಿ ಹಿಂದೆ ನೋಡಿ, ಕೆನ್ನೆಯ ಮೇಲೆ ಬೆರಳು ಸವರಿ ನೋಡಿ, ಒರಟಾಗಿ ತಾಗುತ್ತದೆ. ಐದಾರು ದಿನದ ಮೇಲೆ ಕಲೆ ಕಂದಾಗಿ ತವುಡಿನ ಹಾಗೆ ಸಿಪ್ಪೆ ಉದುರುತ್ತದೆ.

ಇಲ್ಲಿ ಹೋಲುವ ಕಾಯಿಲೆಗಳು ಬೇಕಾದಷ್ಟಿವೆ. ಅಂಗೈ, ಅಂಗಾಲು, ಬಾಯಿಯ ಸುತ್ತ ಗುಳ್ಳೆ ಇದ್ದರೆ ‘ತಕ್ಕಾಳಿಪ್ಪನಿ’, ಅಂದರೆ ಟೊಮೇಟೊ ಜ್ವರ ಇರಬಹುದು. ವಿಪರೀತ ಮೈಕೈ ನೋವು, ಕಣ್ಣಿನ ಹಿಂದೆ ನೋವು ಇದ್ದು ಕೆಮ್ಮು, ನೆಗಡಿ ಇಲ್ಲದಿದ್ದರೆ ಡೆಂಗಿ ಇರಬಹುದು. ಆದರೆ ಮನೆಯಲ್ಲೇ ಕೂತು ಇದೇ, ಅದೇ ಎಂದು ತೀರ್ಪು ಕೊಡಬೇಡಿ. ಜ್ವರ ಮತ್ತು ಗುಳ್ಳೆ ಒಟ್ಟಿಗೆ ಇದ್ದರೆ ಆರೋಗ್ಯ ಸಿಬ್ಬಂದಿಗೆ ತಿಳಿಸಿ, ಅಷ್ಟು ಸಾಕು. ರಕ್ತದ ಮಾದರಿ, ಗಂಟಲಿನ ದ್ರವದ ಮಾದರಿ ತೆಗೆದು ಖಚಿತಪಡಿಸುವುದು ಅವರ ಕೆಲಸ. ವರದಿ ಬರುವವರೆಗೆ ಆರೈಕೆ ನಿಲ್ಲಿಸಬೇಕಾಗಿಲ್ಲ.

ಹಂತ 4: ಆಸ್ಪತ್ರೆಗೆ ಹೋಗುವ ಮೊದಲು ಫೋನ್

ನನ್ನ ಮಟ್ಟಿಗೆ ಎಲ್ಲಕ್ಕಿಂತ ಜಾಸ್ತಿ ಹಾನಿ ಮಾಡುವ ತಪ್ಪು ಇದು: ಜ್ವರ, ಗುಳ್ಳೆ ಇರುವ ಮಗುವನ್ನು ಎತ್ತಿಕೊಂಡು ಹೋಗಿ ಒಪಿ ಸಾಲಿನಲ್ಲಿ ಕೂರುವುದು. ಸೋಮವಾರ ಬೆಳಗ್ಗಿನ ಒಪಿ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಪಕ್ಕದಲ್ಲಿ ಆರು ತಿಂಗಳ ಕೂಸು, ಎದುರು ಬೆಂಚಿನಲ್ಲಿ ಗರ್ಭಿಣಿ, ಮೂಲೆಯಲ್ಲಿ ಡಯಾಲಿಸಿಸ್ ಆಗಿ ಬಂದ ಅಜ್ಜ.

ಆದ್ದರಿಂದ ಮೊದಲು ಆಶಾ ಕಾರ್ಯಕರ್ತೆಗೋ ಜೆಪಿಎಚ್‌ಎನ್‌ಗೋ ಫೋನ್ ಮಾಡಿ. ಯಾರೂ ಸಿಗದಿದ್ದರೆ ಕೇರಳದ ‘ದಿಶಾ’ ಸಹಾಯವಾಣಿ 1056ಕ್ಕೆ ಕರೆ ಮಾಡಿ. “ಮಗುವಿಗೆ ಜ್ವರ, ಗುಳ್ಳೆ ಇದೆ, ದಡಾರದ ಸಂಶಯ, ಯಾವ ಬಾಗಿಲಿನಿಂದ ಬರಬೇಕು?” ಎಂದು ಕೇಳಿ. ಆಸ್ಪತ್ರೆ ತಲುಪಿದ ಮೇಲೆ ಮಗುವನ್ನು ಹೊರಗೆ, ಮರದಡಿಯಲ್ಲೋ ವಾಹನದಲ್ಲೋ ಕೂರಿಸಿ ಒಬ್ಬರು ಮಾತ್ರ ಒಳಗೆ ಹೋಗಿ ಹೇಳಿ. ಎರಡು ವರ್ಷ ದಾಟಿದ ಮಗುವಿಗೆ ಉಸಿರಾಟದ ತೊಂದರೆ ಇಲ್ಲದಿದ್ದರೆ ಮಾಸ್ಕ್ ಹಾಕಿ. ಮಂಗಳೂರಿಗೇ ಹೋಗಬೇಕಾದರೂ ಬಸ್ಸು, ರೈಲು ಬೇಡ. ಕಿಟಕಿ ತೆರೆದ ಕಾರೋ ಆಟೋವೋ ಇರಲಿ. ಸ್ಥಿತಿ ಗಂಭೀರವಾಗಿದ್ದರೆ ಇದ್ಯಾವುದನ್ನೂ ಯೋಚಿಸುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ, ಅವರಿಗೂ ದಡಾರದ ಸಂಶಯ ಇದೆ ಎಂದು ಮೊದಲೇ ಹೇಳಿ.

ಗಡಿಯಾಚೆ ಮಂಗಳೂರಿನಲ್ಲಿ ಚಿಕಿತ್ಸೆ ಪಡೆದರೂ ನಿಮ್ಮ ಪಂಚಾಯತಿನ ಆರೋಗ್ಯ ಕಾರ್ಯಕರ್ತೆಗೆ ತಿಳಿಸುವುದನ್ನು ಮರೆಯಬೇಡಿ. ಅಲ್ಲಿನ ಆಸ್ಪತ್ರೆ ಬರೆದುಕೊಂಡದ್ದು ಇಲ್ಲಿ ತಲುಪುವ ಹೊತ್ತಿಗೆ ನಿಮ್ಮ ಬೀದಿಯ ಮಕ್ಕಳಿಗೆ ಲಸಿಕೆ ಕೊಡುವ ಸಮಯ ಮೀರಿರುತ್ತದೆ.

ಹಂತ 5: ಮನೆಯ ಆರೈಕೆ

ದಡಾರದ ವೈರಸ್ಸನ್ನು ಕೊಲ್ಲುವ ಮದ್ದು ಇಲ್ಲ. ಆ್ಯಂಟಿಬಯೋಟಿಕ್ ವೈರಸ್ಸಿಗೆ ಕೆಲಸ ಮಾಡುವುದಿಲ್ಲ. ನ್ಯುಮೋನಿಯಾ, ಕಿವಿ ಸೋಂಕು ಸೇರಿಕೊಂಡರೆ ಮಾತ್ರ ಡಾಕ್ಟರು ಬರೆಯುತ್ತಾರೆ. ಮೆಡಿಕಲ್ ಶಾಪಿನಿಂದ ನೀವೇ ತರಬೇಡಿ.

*ಕೋಣೆ.* ಬೇರೆ ಕೋಣೆ, ತೆರೆದ ಕಿಟಕಿ. ಗಾಳಿ ತಾಗಬಾರದು ಎಂದು ಕಿಟಕಿ ಬಾಗಿಲು ಮುಚ್ಚಿ ಕತ್ತಲೆಯಲ್ಲಿ ಮಲಗಿಸುವ ಪದ್ಧತಿ ನಮ್ಮಲ್ಲಿದೆ. ಅದು ಮಗುವಿಗೂ ಕೆಟ್ಟದ್ದು, ನೋಡಿಕೊಳ್ಳುವವರಿಗೂ ಕೆಟ್ಟದ್ದು. ಕಣ್ಣಿಗೆ ಬೆಳಕು ಚುಚ್ಚಿದರೆ ತೆಳು ಪರದೆ ಸಾಕು. ಎರಡು ಡೋಸ್ ಆದವರು ಅಥವಾ ಹಿಂದೆ ದಡಾರ ಬಂದವರು ಒಬ್ಬರೇ ಆರೈಕೆ ಮಾಡಲಿ. ಈ ಕೆಲಸಕ್ಕೆ ಎಷ್ಟೋ ಮನೆಯಲ್ಲಿ ಅಜ್ಜಿಯೇ ಸರಿ.

*ಜ್ವರ.* ಪ್ಯಾರಾಸಿಟಮಾಲ್ ಕೊಡಿ, ಕಿಲೋಗೆ 15 ಮಿಲಿಗ್ರಾಂ ಲೆಕ್ಕದಲ್ಲಿ. ಎರಡು ಡೋಸಿನ ನಡುವೆ ಕನಿಷ್ಠ 4ರಿಂದ 6 ಗಂಟೆ ಇರಲಿ, ದಿನಕ್ಕೆ 4 ಸಲಕ್ಕಿಂತ ಜಾಸ್ತಿ ಬೇಡ. ಬಾಟಲಿಯ ಮೇಲಿನ ಬರಹ ಓದದೆ ಕೊಡಬೇಡಿ. ಡ್ರಾಪ್ಸಿನಲ್ಲಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ 5 ಎಂಎಲ್‌ಗೆ 125 ಇರುವುದೂ ಇದೆ, 250 ಇರುವುದೂ ಇದೆ. 10 ಕಿಲೋ ಮಗುವಿಗೆ ಬೇಕಾದ 150 ಮಿಲಿಗ್ರಾಂ ಅಂದರೆ ಡ್ರಾಪ್ಸ್ ಒಂದೂವರೆ ಎಂಎಲ್, 125ರ ಸಿರಪ್ 6 ಎಂಎಲ್, 250ರದ್ದು ಬರೀ 3 ಎಂಎಲ್. 125ರ ಸಿರಪ್ಪಿನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ನಾಲ್ಕು ಪಟ್ಟು ಹೋಗುತ್ತದೆ. 3 ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಮನೆಮದ್ದಿಲ್ಲ, ನೇರ ಡಾಕ್ಟರು. ಮಕ್ಕಳಿಗೆ ಆಸ್ಪಿರಿನ್ ಬೇಡವೇ ಬೇಡ.

*ವಿಟಮಿನ್ ಎ.* ದಡಾರ ಬಂದ ಮಗುವಿಗೆ ಇದನ್ನು ಎರಡು ದಿನ ಬೆನ್ನುಬೆನ್ನಿಗೆ ಕೊಡುತ್ತಾರೆ. 6 ತಿಂಗಳೊಳಗೆ 50,000 ಯೂನಿಟ್, 6ರಿಂದ 11 ತಿಂಗಳಿಗೆ 1 ಲಕ್ಷ, ವರ್ಷ ದಾಟಿದವರಿಗೆ 2 ಲಕ್ಷ. ಕಣ್ಣು ಹೋಗುವುದನ್ನು, ಸಾವನ್ನು ತಡೆಯಲು ಇದು ನೆರವಾಗುತ್ತದೆ. ಅಂಗನವಾಡಿಯಲ್ಲಿ ಆರು ತಿಂಗಳಿಗೊಮ್ಮೆ ಕೊಡುವ ವಿಟಮಿನ್ ಎ ಬೇರೆ ಲೆಕ್ಕ, ಅದು ಆಗಿದ್ದರೂ ದಡಾರಕ್ಕೆ ಇದು ಬೇಕಾ ಎಂದು ಡಾಕ್ಟರನ್ನು ಕೇಳಿ. ಕೊಡುವುದು ಆರೋಗ್ಯ ಸಿಬ್ಬಂದಿ. ನೀವಾಗಿಯೇ ಬಾಟಲಿ ತಂದು ಕುಡಿಸಬಾರದು, ಹೆಚ್ಚಾದರೆ ಇದು ವಿಷ.

*ಊಟ.* ಪಥ್ಯ ಬೇಡ. ಎದೆಹಾಲು ಕುಡಿಯುವ ಕೂಸಿಗೆ ಹಾಲು ನಿಲ್ಲಿಸಬೇಡಿ, ಇನ್ನೂ ಹೆಚ್ಚು ಸಲ ಕೊಡಿ. ದೊಡ್ಡ ಮಕ್ಕಳಿಗೆ ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿ, ತಿಳಿ, ಮಜ್ಜಿಗೆ, ಬೊಂಡ (ಎಳನೀರು). ಬಾಯಿ ಹುಣ್ಣಾಗಿದ್ದರೆ ತಣ್ಣಗೆ ಮಾಡಿ ಸ್ವಲ್ಪ ಸ್ವಲ್ಪವಾಗಿ. ಮೀನು, ಮೊಟ್ಟೆ ತಿನ್ನುವ ಮನೆಯವರು ಅದನ್ನೂ ಕೊಡಿ, ತಿನ್ನದವರು ಬೇಳೆ, ನುಗ್ಗೆ ಸೊಪ್ಪು, ಪಪ್ಪಾಯ ಕೊಡಿ. ಭೇದಿ ಇದ್ದರೆ ಓಆರ್‌ಎಸ್. ಒಂದು ಲೀಟರಿನ ಪ್ಯಾಕೆಟಾದರೆ ಪೂರ್ತಿ ಪುಡಿಯನ್ನು ಒಂದೇ ಸಲ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ. ಲೋಟಕ್ಕೆ ಚಿಟಿಕೆ ಲೆಕ್ಕದಲ್ಲಿ ಹಾಕಿದರೆ ಉಪ್ಪಿನ ಅಳತೆ ಕೆಡುತ್ತದೆ. 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿ.

*ಸ್ನಾನ, ಕಣ್ಣು, ಬೇವು.* ಉಗುರುಬೆಚ್ಚಗಿನ ನೀರಿನಲ್ಲಿ ಮೈ ಒರೆಸಬಹುದು, ಸ್ನಾನವನ್ನೂ ಮಾಡಿಸಬಹುದು. ಕಣ್ಣನ್ನು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಒರೆಸಿ, ಒಂದೊಂದು ಕಣ್ಣಿಗೆ ಬೇರೆ ಬೇರೆ ತುಂಡು. ಎದೆಹಾಲು, ಸೊಪ್ಪಿನ ರಸ, ಮನೆಯಲ್ಲಿ ಉಳಿದ ಹಳೆ ಡ್ರಾಪ್ಸ್ ಯಾವುದನ್ನೂ ಕಣ್ಣಿಗೆ ಹಾಕಬೇಡಿ. ಹಾಸಿಗೆಯ ಪಕ್ಕ ಬೇವಿನ ಗೊಂಚಲು ಇಡಬೇಕು ಎಂದು ಮನೆಯ ಹಿರಿಯರು ಹೇಳಿದರೆ ಇಡಲಿ, ಅದಕ್ಕೆ ಜಗಳ ಯಾಕೆ? ಆದರೆ ಬೇವು ಇದೆ ಎಂದು ಡಾಕ್ಟರನ್ನು ಬಿಡಬಾರದು, ಕಹಿ ಕಷಾಯವನ್ನು ಮಗುವಿಗೆ ಕುಡಿಸಬಾರದು.

ಹಂತ 6: ಈ ಲಕ್ಷಣ ಕಂಡರೆ ಕಾಯಬೇಡಿ

ದಡಾರದಲ್ಲಿ ಮಕ್ಕಳು ಸಾಯುವುದು ಹೆಚ್ಚಾಗಿ ನ್ಯುಮೋನಿಯಾದಿಂದ. ಹಾಗಾಗಿ ಉಸಿರು ಎಣಿಸುವುದನ್ನು ಕಲಿತುಕೊಳ್ಳಿ. ಮಗು ಅಳದೆ ಇರುವಾಗ, ನಿದ್ದೆಯಲ್ಲಿದ್ದರೆ ಇನ್ನೂ ಒಳ್ಳೆಯದು, ಅಂಗಿ ಮೇಲೆತ್ತಿ ಹೊಟ್ಟೆ ಏರುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಬೇಡಿ, ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. 2 ತಿಂಗಳಿನಿಂದ 1 ವರ್ಷದೊಳಗೆ 50 ಅಥವಾ ಜಾಸ್ತಿ, 1ರಿಂದ 5 ವರ್ಷಕ್ಕೆ 40 ಅಥವಾ ಜಾಸ್ತಿ ಇದ್ದರೆ ಅದು ವೇಗದ ಉಸಿರು. ಎಣಿಸುವಾಗಲೇ ಪಕ್ಕೆಲುಬಿನ ಕೆಳಗೆ ನೋಡಿ. ಉಸಿರು ಎಳೆದುಕೊಂಡಾಗ ಅಲ್ಲಿ ಒಳಕ್ಕೆ ಗುಳಿ ಬೀಳುತ್ತಿದ್ದರೆ ತಕ್ಷಣ ಹೊರಡಿ.

ಇನ್ನುಳಿದವು: ಏನನ್ನೂ ಕುಡಿಯದೆ ಇರುವುದು, ಕುಡಿದದ್ದೆಲ್ಲ ವಾಂತಿ, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಕಣ್ಣಿನ ಕಪ್ಪು ಭಾಗ ಮಸುಕಾಗುವುದು, ಕಿವಿಯಿಂದ ಕೀವು, ಕಣ್ಣು ಗುಳಿಬಿದ್ದು ಮೂತ್ರ ಕಡಿಮೆಯಾಗುವುದು. ಗುಳ್ಳೆ ಇಳಿಯುತ್ತಿದ್ದಾಗ ಹೋಗಿದ್ದ ಜ್ವರ ಮತ್ತೆ ಏರಿದರೂ ತೋರಿಸಲೇಬೇಕು. ಅದನ್ನು ಸುಮ್ನೆ ಬಿಡುವವರೇ ಜಾಸ್ತಿ.

ಹಂತ 7: ನಾಲ್ಕು ದಿನ ಹಿಂದಕ್ಕೆ ಎಣಿಸಿ ಪಟ್ಟಿ ಮಾಡಿ

ಗುಳ್ಳೆ ಸೋಮವಾರ ಕಾಣಿಸಿತು ಅಂದುಕೊಳ್ಳಿ. ನಾಲ್ಕು ದಿನ ಹಿಂದೆ ಹೋದರೆ ಗುರುವಾರ. ಗುರುವಾರದಿಂದ ಈಚೆಗೆ ಮಗು ಯಾವ ಯಾವ ಕೋಣೆಯಲ್ಲಿತ್ತು? ಅಂಗನವಾಡಿ, ಮದ್ರಸ, ಟ್ಯೂಷನ್, ಶನಿವಾರದ ಮದುವೆ ಹಾಲ್, ಭಾನುವಾರ ಅತ್ತೆಮನೆ, ಕುಂಬಳೆಯಿಂದ ಬಂದ ಬಸ್ಸು. ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತಾ ಹೋಗಿ. ಮಗು ಮನೆಯಲ್ಲಿ ಇರಬೇಕಾದದ್ದು ಶುಕ್ರವಾರ ಮುಗಿಯುವವರೆಗೆ. ಶನಿವಾರದಿಂದ, ಹುಷಾರಿದ್ದರೆ, ಹೊರಗೆ ಬರಬಹುದು.

ಪಟ್ಟಿಯಲ್ಲಿ ಮೂರು ಬಗೆಯವರಿಗೆ ಮೊದಲು ಫೋನ್ ಹೋಗಬೇಕು. ಲಸಿಕೆ ಆಗದ ಮಕ್ಕಳು: ರೋಗಿಯ ಜೊತೆ ಇದ್ದ ಹೊತ್ತಿನಿಂದ 72 ಗಂಟೆಯೊಳಗೆ ಲಸಿಕೆ ಹಾಕಿದರೆ ರೋಗ ತಡೆಯಬಹುದು, ಅಥವಾ ಅದು ಹಗುರವಾಗಿ ಹೋಗಬಹುದು. ಗರ್ಭಿಣಿಯರು: ದಡಾರ ಬಂದರೆ ಗರ್ಭಪಾತ, ದಿನ ತುಂಬುವ ಮೊದಲೇ ಹೆರಿಗೆ ಆಗುವ ಅಪಾಯವಿದೆ. ಮೂರನೆಯವರು ಎಳೆ ಕೂಸುಗಳು ಮತ್ತು ನಿರೋಧಕ ಶಕ್ತಿ ಕುಗ್ಗಿದವರು. ಲಸಿಕೆ ಹಾಕಲಾಗದವರಿಗೆ 6 ದಿನದೊಳಗೆ ಇಮ್ಯುನೋಗ್ಲೋಬ್ಯುಲಿನ್ ಕೊಡುವ ದಾರಿ ಇದೆ. ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್ ಅದು. ಎಲ್ಲರಿಗೂ ಬೇಕಾಗುವುದಿಲ್ಲ, ತೀರ್ಮಾನ ದೊಡ್ಡ ಆಸ್ಪತ್ರೆಯ ಡಾಕ್ಟರದ್ದು. ಆದರೆ 6 ದಿನದ ಗಡುವು ಮೀರುವ ಮೊದಲು ಅವರಿಗೆ ಸುದ್ದಿ ಮುಟ್ಟಿಸುವುದು ನಿಮ್ಮ ಕೈಯಲ್ಲಿದೆ.

ಈಗ ಮೊದಲ ಪ್ರಶ್ನೆ. ವಯಸ್ಸಿಗೆ ಬೇಕಾದ ಡೋಸೆಲ್ಲ ಆದ, ಜ್ವರವಿಲ್ಲದ ಮಗುವನ್ನು ಅಂಗನವಾಡಿಗೆ ಕಳಿಸಬಹುದು, ಆರೋಗ್ಯ ಇಲಾಖೆ ಮುಚ್ಚಲು ಹೇಳದಿದ್ದರೆ. ಲಸಿಕೆ ಆಗದೆ ರೋಗಿಯ ಜೊತೆ ಇದ್ದ ಮಗು 21 ದಿನ ಮನೆಯಲ್ಲಿರುವುದು ಲೇಸು.

ಹಂತ 8: ವಾರ್ಡಿನ ಮಟ್ಟದಲ್ಲಿ

ಕುಟುಂಬಶ್ರೀ ಕೂಟ ಇದಕ್ಕೆ ಹೇಳಿ ಮಾಡಿಸಿದಂತಿದೆ. ಹತ್ತಿಪ್ಪತ್ತು ಮನೆಯವರು ವಾರಕ್ಕೊಮ್ಮೆ ಸೇರುತ್ತಾರೆ, ಯಾರ ಮನೆಯಲ್ಲಿ ಎಷ್ಟು ಮಕ್ಕಳು ಎಂದು ಬಾಯಿಪಾಠ ಇರುತ್ತದೆ. ಒಂದು ಸಭೆಗೆ ಎಲ್ಲರೂ ಕಾರ್ಡ್ ತನ್ನಿ ಎಂದರೆ ಬಾಕಿ ಮಕ್ಕಳ ಪಟ್ಟಿ ಅಲ್ಲೇ ಸಿದ್ಧ. ಅದು ಜೆಪಿಎಚ್‌ಎನ್ ಕೈಗೆ ಹೋಗಲಿ. ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಬೇಡಿ. ರೋಗ ಬಂದ ಮನೆಯ ಹೆಸರು, ಮಗುವಿನ ಫೋಟೋ ಹಂಚಿದರೆ ಮುಂದಿನ ಮನೆಯವರು ಮುಚ್ಚಿಡುತ್ತಾರೆ. ಮುಚ್ಚಿಟ್ಟ ಒಂದು ಮನೆಯಿಂದ ಆಗುವ ಹಾನಿ ಹೇಳಿಕೊಂಡ ಹತ್ತು ಮನೆಗಳಿಂದ ಆಗುವುದಿಲ್ಲ.

ಪಟ್ಟಿಯಿಂದ ತಪ್ಪಿಹೋಗುವ ಮಕ್ಕಳು ಯಾರೆಂದು ಯೋಚಿಸಿ. ಬೇರೆ ರಾಜ್ಯದಿಂದ ಕೆಲಸಕ್ಕೆ ಬಂದು ಕ್ವಾರ್ಟರ್ಸಿನಲ್ಲಿರುವವರ ಮಕ್ಕಳು, ರಜೆಗೆ ಗಲ್ಫಿನಿಂದ ಬಂದವರು, ತವರಿಗೆ ಬಂದ ಬಾಣಂತಿಯ ಹಿರಿಯ ಮಗು. ಇವರ ಹೆಸರು ಇಲ್ಲಿನ ರಿಜಿಸ್ಟರಿನಲ್ಲಿ ಇರುವುದೇ ಇಲ್ಲ. ಲಸಿಕೆಗೆ ಇಲ್ಲಿನ ರೇಷನ್ ಕಾರ್ಡ್ ಬೇಕಾಗಿಲ್ಲ ಎಂದು ಅವರಿಗೆ ಹೇಳಿ. ಎಣ್ಮಕಜೆ, ಬೆಳ್ಳೂರು ಕಡೆ ಎಂಡೋಸಲ್ಫಾನಿನಿಂದ ಹಾಸಿಗೆ ಹಿಡಿದ ಮಕ್ಕಳಿರುವ ಮನೆಗಳಿವೆ. ಆ ಮಗುವಿನ ಲಸಿಕೆ ಬಗ್ಗೆ ಅದನ್ನು ನೋಡುವ ಡಾಕ್ಟರನ್ನು ಕೇಳಿ. ಅಲ್ಲಿಗೆ ಹೋಗಿಬರುವ ಪ್ರತಿಯೊಬ್ಬರ ಡೋಸ್ ಮಾತ್ರ ಪೂರ್ತಿ ಆಗಿರಬೇಕು.

ಮದುವೆ, ನೇಮ, ಉರೂಸ್, ಬಯಲಾಟ ಎಲ್ಲ ನಿಲ್ಲಿಸಬೇಕಾ? ಇಲಾಖೆ ಹೇಳದಿದ್ದರೆ ಬೇಡ. ಬಯಲಿನಲ್ಲಿ ಅಪಾಯ ಕಡಿಮೆ, ಮುಚ್ಚಿದ ಎಸಿ ಹಾಲಿನಲ್ಲಿ ಜಾಸ್ತಿ. ಜ್ವರ ಇರುವವರು ಬರಬೇಡಿ ಎಂದು ಕರೆಯುವವರೇ ಮೊದಲು ಹೇಳಿಬಿಡಲಿ. ದೇವಸ್ಥಾನದ ಮೈಕಿನಲ್ಲಿ, ಶುಕ್ರವಾರದ ನಮಾಜಿನ ನಂತರ ಉಸ್ತಾದರ ಬಾಯಲ್ಲಿ ಲಸಿಕೆ ಶಿಬಿರದ ದಿನ ಬಂದರೆ ಕರಪತ್ರಕ್ಕಿಂತ ಹೆಚ್ಚು ಜನ ಬರುತ್ತಾರೆ. ನೋಟೀಸು ಮಲಯಾಳದಲ್ಲಿ ಮಾತ್ರ ಇದ್ದರೆ ಕನ್ನಡದಲ್ಲೂ ಹಾಕಿ ಎಂದು ಪಂಚಾಯತಿಗೆ ಹೇಳಿ. ಭಾಷಾ ಅಲ್ಪಸಂಖ್ಯಾತರ ಪ್ರದೇಶದಲ್ಲಿ ಅದು ನಮ್ಮ ಹಕ್ಕು, ರೋಗ ಬಂದಾಗಲಂತೂ ಅಗತ್ಯ.

ಹಂತ 9: ಗುಳ್ಳೆ ಹೋದ ಮೇಲೆ

ದಡಾರ ಬೇರೆ ರೋಗಗಳ ವಿರುದ್ಧ ಮೈ ಕಲಿತಿದ್ದ ಪಾಠವನ್ನೂ ಅಳಿಸುತ್ತದೆ. ಹಾಗಾಗಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮಗುವಿಗೆ ಭೇದಿ, ಕೆಮ್ಮು ಬೇಗ ತಾಗುತ್ತದೆ. ಕೆಲವು ವಾರ ದಿನಕ್ಕೊಂದು ಊಟ ಹೆಚ್ಚು ಕೊಡಿ, ತೂಕ ನೋಡುತ್ತಿರಿ, ಬಾಕಿ ಇರುವ ಬೇರೆ ಲಸಿಕೆಗಳನ್ನು ಹಾಕಿಸಿ.

ಊರಿನಲ್ಲಿ ಕೊನೆಯ ರೋಗಿಗೆ ಗುಳ್ಳೆ ಕಂಡು 42 ದಿನ ಹೊಸಬರು ಯಾರೂ ಸಿಗದಿದ್ದರೆ ಹರಡುವಿಕೆ ನಿಂತಿತು ಎಂದು ಲೆಕ್ಕ. 21 ದಿನದ ಎರಡು ಸುತ್ತು ಅದು. ಅಲ್ಲಿಯವರೆಗೆ ಹಂತ 3ರ ಲಕ್ಷಣಗಳ ಮೇಲೆ ಕಣ್ಣಿರಲಿ.

ಒಮ್ಮೆ ಬಂದರೆ ಮತ್ತೆ ಬರುತ್ತದಾ ಎಂದು ಕೇಳುವವರಿದ್ದಾರೆ. ಸಾಮಾನ್ಯವಾಗಿ ಜೀವನಪೂರ್ತಿ ರಕ್ಷಣೆ ಇರುತ್ತದೆ. ಹಾಗಂತ ದಡಾರ ಬಂದು ಹೋದ ಮಗುವಿನ ಎಂಆರ್ ಡೋಸ್ ಬಿಡಬೇಡಿ. ಅದರಲ್ಲಿ ರುಬೆಲ್ಲಾ ಲಸಿಕೆಯೂ ಇದೆ. ಗರ್ಭಿಣಿಗೆ ರುಬೆಲ್ಲಾ ಬಂದರೆ ಹುಟ್ಟುವ ಮಗುವಿನ ಕಣ್ಣು, ಕಿವಿ, ಹೃದಯ ಕೆಡಬಹುದು. ದಡಾರ ಬಂದದ್ದರಿಂದ ಅದಕ್ಕೆ ರಕ್ಷಣೆ ಸಿಗುವುದಿಲ್ಲ. ಮಗು ಪೂರ್ತಿ ಚೇತರಿಸಿಕೊಂಡ ಮೇಲೆ ಯಾವಾಗ ತರಬೇಕು ಎಂದು ಸಿಸ್ಟರನ್ನು ಕೇಳಿ, ಆ ತಾರೀಖನ್ನು ಕಾರ್ಡಿನಲ್ಲೇ ಬರೆಸಿಕೊಳ್ಳಿ.